ಇಂದಿರಾ ‘ಒಲ್ಲೆ’ ಅಂದದ್ದು ಹೇಗೆ? ‘ಬೆಳ್ಳಿಮೋಡ’ ಮತ್ತು ಒಂದು ಹೊಲದ ಲೆಕ್ಕ

ಬೆಳೆವಿಮೆ, ಸೊಸೈಟಿ ಸಾಲ, ಉತಾರದಾಗಿನ ತಪ್ಪು ಹೆಸರು ಅಂತ ಮಾತಾಡೋ ಈ ಪಾಡ್‌ಕಾಸ್ಟ್‌ನಾಗ ಇವತ್ತು ಪ್ರೇಮದ ಕಾದಂಬರಿ. ಬಿಕಾಂ ಮಾಡಿದವನಿಗೆ ಇದೆಲ್ಲ ಯಾಕೆ ಅಂದೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಓದಿದ ಮೇಲೆ ಗೊತ್ತಾತು, ಈ ಕಥಿ ಮುರಿಯೋದೇ ಒಂದು ಲೆಕ್ಕದಿಂದ.

ಪುಸ್ತಕ ತ್ರಿವೇಣಿಯವರ ‘ಬೆಳ್ಳಿಮೋಡ’. ನಮ್ಮ ಕಡೆ ಬಹಳ ಮಂದಿಗೆ ಇದು ಸಿನಿಮಾ ಆಗಿ ಗೊತ್ತು. 1967ರಲ್ಲಿ ಬಂತು, ಪುಟ್ಟಣ್ಣ ಕಣಗಾಲ್ ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ, ಇಂದಿರಾ ಆಗಿ ಕಲ್ಪನಾ. ಧಾರವಾಡದವರು ಹೆಮ್ಮೆಪಡೋ ಸಂಗತಿಯೂ ಒಂದೈತಿ: ಬೇಂದ್ರೆ ಅಜ್ಜನ ‘ಬೆಳಗು’ ಕವಿತೆ ಹಾಡಾಗಿದ್ದು ಇದೇ ಸಿನಿಮಾದಲ್ಲಿ.

ಕಥಿ ಹೇಳಿಬಿಡ್ತೀನಿ, ಕೊನೆ ತಿಳಿಯೋದು ಬೇಡ ಅನ್ನೋರು ಸ್ವಲ್ಪ ಮುಂದಕ್ಕೆ ಓಡಿಸಿರಿ. ಮಲೆನಾಡಿನ ಎಸ್ಟೇಟು. ಇಂದಿರಾ ಒಬ್ಬಳೇ ಮಗಳು. ಮೋಹನ ಬುದ್ಧಿವಂತ ಹುಡುಗ, ಕೈಯಲ್ಲಿ ದುಡ್ಡಿಲ್ಲ. ವಿದೇಶದಲ್ಲಿ ಓದಲಿಕ್ಕೆ ಇಂದಿರಾಳ ತಂದೆಯೇ ಖರ್ಚು ಕೊಡ್ತಾರೆ, ಮದುವೆ ನಿಶ್ಚಯ ಆಗ್ತದೆ. ಅವನು ಅತ್ತ ಹೋದ ಮೇಲೆ, ಇಷ್ಟು ವರ್ಷಗಳ ನಂತರ ಇಂದಿರಾಳ ತಾಯಿಗೆ ಗಂಡು ಮಗು ಹುಟ್ಟುತ್ತೆ. ತಾಯಿ ಉಳಿಯೋದಿಲ್ಲ. ಕೈಗೂಸು ಅಕ್ಕನ ಮಡಿಲಿಗೆ ಬರ್ತದೆ. ಮೋಹನ ತಿರುಗಿ ಬರ್ತಾನೆ, ಎಸ್ಟೇಟಿಗೆ ಈಗ ಬೇರೆ ವಾರಸುದಾರ ಇದ್ದಾನೆ ಅಂತ ಕಾಣ್ತಾನೆ, ಮದುವೆಯಿಂದ ಹಿಂದೆ ಸರೀತಾನೆ.

ಇಲ್ಲಿ ನನ್ನೊಳಗಿನ ಬಿಕಾಂ ಎದ್ದು ಕೂತ. ಸಿನಿಮಾ ಬಂದ ಹೊತ್ತಿನ ಕಾನೂನು ಅಂದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಆಸ್ತಿ ತಂದೆಯ ಸ್ವಯಾರ್ಜಿತ ಆಗಿದ್ದು, ಅವರು ಮೃತ್ಯುಪತ್ರ ಬರೆಯದೆ ತೀರಿಕೊಂಡರೆ ಮಗನಿಗೂ ಮಗಳಿಗೂ ಸಮ ಪಾಲು. ಅಂದರೆ ರೂಪಾಯಿಗೆ ಎಂಟಾಣೆ ಇಂದಿರಾಳದ್ದೇ. ಪಿತ್ರಾರ್ಜಿತ ಆಗಿದ್ದರೆ ಲೆಕ್ಕ ಬದಲಾಗ್ತದೆ. ಮೊದಲು ತಂದೆ-ಮಗ ಅರ್ಧ ಅರ್ಧ. ತಂದೆಯ ಅರ್ಧದಲ್ಲಿ ಮತ್ತೆ ಇಬ್ಬರು ಮಕ್ಕಳಿಗೆ ಸಮ. ಮಗನಿಗೆ ಹನ್ನೆರಡಾಣೆ, ಮಗಳಿಗೆ ನಾಲ್ಕಾಣೆ. ಯಾವ ದಾರಿ ಹಿಡಿದರೂ ಇಂದಿರಾ ಬರಿಗೈ ಅಲ್ಲ! ಮೋಹನನಿಗೆ ಹದಿನಾರಾಣೆ ಬೇಕಿತ್ತು, ಅಷ್ಟೆ.

ಆದರೆ ತ್ರಿವೇಣಿ ಅವನನ್ನು ಬರೀ ಖಳನಾಯಕ ಮಾಡಿ ಕೈತೊಳ್ಕೊಳ್ಳಲಿಲ್ಲ. ಅವರು ಮನಃಶಾಸ್ತ್ರ ಓದಿದವರು. 1928ರಲ್ಲಿ ಹುಟ್ಟಿ 1963ರಲ್ಲೇ, ಹೆರಿಗೆಯಾದ ಸ್ವಲ್ಪ ದಿನಕ್ಕೆ ತೀರಿಕೊಂಡ್ರು. (ಇದು ಗೊತ್ತಿದ್ದು ಆ ಬಾಣಂತಿ ಸಾವಿನ ಭಾಗ ಓದೋದು ಕಷ್ಟ.) ಮುಂದೆ ಮೋಹನನಿಗೆ ಅಪಘಾತ ಆಗ್ತದೆ, ಆರೈಕೆ ಮಾಡೋಳು ಇಂದಿರಾ. ದಿನಾ ಎದುರಿಗೆ ಅವನೇ. ಅವನಿಗೆ ನಿಜವಾಗಿ ಪಶ್ಚಾತ್ತಾಪ ಆಗ್ತದೆ, ಮದುವೆಯಾಗು ಅಂತ ಕೇಳ್ತಾನೆ. ಬೇರೆ ಕಾದಂಬರಿ ಆಗಿದ್ದರೆ ಇಲ್ಲೇ ತಾಳಿ ಕಟ್ಟಿಸಿ ಮುಗಿಸ್ತಿದ್ದರು. ಇಂದಿರಾ ಒಲ್ಲೆ ಅಂತಾಳೆ.

ಇದು ಸೇಡು ಅಂತ ಕೆಲವರು ಹೇಳ್ತಾರೆ. ನನಗೆ ಹಾಗೆ ಕಾಣೋದಿಲ್ಲ. ಸೇಡು ಇದ್ದವಳು ಅಷ್ಟು ದಿನ ಆರೈಕೆ ಮಾಡ್ತಿದ್ದಳೇ? ಹತ್ತಿರ ಕೂತು ನೋಡಿದಾಗಲೇ ಅವಳಿಗೆ ತಿಳೀತು: ತಾನು ಅಳ್ತಾ ಇದ್ದದ್ದು ಈ ಮನುಷ್ಯನಿಗಾಗಿ ಅಲ್ಲ, ಅವನು ಅಂತ ತಾನು ನಂಬಿದ್ದ ಒಬ್ಬನಿಗಾಗಿ. ಅವನು ಮೊದಲೇ ಇರಲಿಲ್ಲ.

ಇಷ್ಟು ಹೇಳಿ ಸಂಚಿಕೆ ಮುಗಿಸೋ ವಿಚಾರ ಇತ್ತು. ಅದಕ್ಕೂ ಮೊದಲು ಪುಸ್ತಕ ನಮ್ಮ ದೊಡ್ಡವ್ವನ ಮಗಳಿಗೆ ಓದಾಕ ಕೊಟ್ಟೆ. ಅಕ್ಕನ ತವರುಮನಿ ಅಣ್ಣಿಗೇರಿ ಹತ್ರ, ಕೊಟ್ಟದ್ದು ಕುಂದಗೋಳ ಕಡೆ. ಮೂರು ದಿನಕ್ಕೆ ಓದಿ ಮುಗಿಸಿದಳು. ಹೆಂಗೈತಿ ಅಂದೆ.

“ಚಲೋ ಐತಿ ತಮ್ಮಾ. ಆದ್ರ ಆಕಿಗೆ ಒಲ್ಲೆ ಅನ್ನಾಕ ಅಪ್ಪನ ಮನಿ ಇತ್ತು. ನನಗ ಎಲ್ಲಿತ್ತು?”

ಅಕ್ಕ ಗಂಡನ ಮನಿಯಾಗ ಏನೇನು ಕಂಡಳು ಅನ್ನೋದು ಇಲ್ಲಿ ಬೇಡ. ಒಮ್ಮೆ ಬಿಟ್ಟು ಬರ್ತೀನಿ ಅಂದಿದ್ದಳು. ಬರಲಿಲ್ಲ. ಅದಕ್ಕೂ ಎರಡು ವರ್ಷ ಮುಂಚೆ ಸಬ್‌ರಿಜಿಸ್ಟ್ರಾರ್ ಕಚೇರಿಯೊಳಗೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ತನ್ನ ಪಾಲಿನ ಎರಿ ಹೊಲ ಅಣ್ಣಂದಿರಿಗೆ ಬಿಟ್ಟುಕೊಟ್ಟಿದ್ದಳು. ಯಾರೂ ಬೆದರಿಸಲಿಲ್ಲ. ಪಾಲು ಕೇಳಿದರೆ ನಾಗರಪಂಚಮಿಗೆ ಕರೆಯೋರು ಇರೋದಿಲ್ಲ ಅಂತ ಅವಳಿಗೇ ಗೊತ್ತಿತ್ತು.

ಕಾನೂನು ಅವಳ ಕಡೆಗೇ ಇತ್ತು. ಕರ್ನಾಟಕ 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಸಮ ಹಕ್ಕು ಕೊಟ್ಟಿತು. ಅದಕ್ಕೂ ಮೊದಲೇ ಮದುವೆಯಾದವರಿಗೆ ಮಾತ್ರ ಇರಲಿಲ್ಲ. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂದು ಆ ಭೇದವೂ ಹೋಯಿತು. ಆ ದಿನ ತಂದೆ ಬದುಕಿರಲೇಬೇಕು ಅಂತೇನಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ, ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಆದರೆ ತಾನೇ ಸಹಿ ಹಾಕಿದ ನೋಂದಾಯಿತ ಪತ್ರ ರದ್ದು ಮಾಡಿಸೋದು ಬೇರೆ ಮಾತು. ಮೋಸ ಆಗಿತ್ತು, ಒತ್ತಾಯ ಇತ್ತು ಅಂತ ಸಿವಿಲ್ ಕೋರ್ಟಿನಲ್ಲಿ ತೋರಿಸಬೇಕು.

ಮಲೆನಾಡಿನ ಆ ಎಸ್ಟೇಟನ್ನು ನಾನು ಬರೀ ಚಂದದ ಹಿನ್ನೆಲೆ ಅಂದುಕೊಂಡು ಓದಿದ್ದೆ. ಅಕ್ಕ ಓದಿದ್ದು ಹಾಗಲ್ಲ. ಅಳಲಿಕ್ಕೆ ಒಂದು ಕೋಣೆ, ತಮ್ಮನನ್ನು ಬೆಳೆಸಲಿಕ್ಕೆ ಒಂದು ಮನೆ, ನಾಳೆ ಊಟದ ಚಿಂತೆ ಇಲ್ಲ. ಅಷ್ಟಿದ್ದದ್ದಕ್ಕೇ ಇಂದಿರಾ ತನ್ನ ಮನಸ್ಸು ತಾನು ನೋಡಿಕೊಂಡಳು, ಒಲ್ಲೆ ಅಂದಮೇಲೂ ಅದೇ ಮನೆಯಲ್ಲಿ ಉಳಿದಳು.

ಪತ್ರದ ನಕಲು ತೆಗೆಸಿ ವಕೀಲರಿಗೆ ತೋರಿಸೋಣ ಅಂದೆ. “ನೋಡೋಣು” ಅಂದಳು. ಪುಸ್ತಕ ವಾಪಸ್ ಕೇಳಿದೆ. ಮಗಳು ಪಿಯುಸಿ ಪರೀಕ್ಷೆ ಮುಗಿಸಿ ಬರ್ತಾಳ, ಆಕಿ ಓದೋವರೆಗೆ ಇಲ್ಲೇ ಇರಲಿ ಅಂದಳು.