ತಾರಸಿಗೆ ಸೋಲಾರ್: ಮೊದಲು ಬಿಲ್ ನೋಡಿ, ಆಮೇಲೆ ಬಿಸಿಲು!

ಮೂಡಲಪಾಳ್ಯ: "ಸೋಲಾರ್ ಹಾಕ್ಸಿ ಸಾರ್, ಕರೆಂಟು ಪುಕ್ಕಟೆ, ಮೇಲೆ ಸರ್ಕಾರದ ದುಡ್ಡು!" ಏಜೆಂಟರ ಈ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಸಹಿ ಹಾಕುವ ಮುಂಚೆ ಬೆಸ್ಕಾಂ ಬಿಲ್ಲನ್ನು ಒಮ್ಮೆ ಹರಡಿಕೊಂಡು ಕೂರುವುದು ಲೇಸು.

2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ತನ್ನ ಮಿತಿಯೊಳಗೆ ಉರಿಸುವ ಮನೆಗೆ ಬರುವುದು ಸೊನ್ನೆ ಬಿಲ್. ಸೊನ್ನೆಯಲ್ಲಿ ಉಳಿಸೋದೇನು? ಅಂಥವರು ಸೋಲಾರಿಗೆ ದುಡ್ಡು ಸುರಿದರೆ ಲಾಭ ಏಜೆಂಟನಿಗೆ. ಆದರೆ 200 ಯೂನಿಟ್ ದಾಟಿತೋ, ಬಿಲ್ ಪೂರ್ತಿ ಕಟ್ಟಬೇಕು. ತಿಂಗಳಿಗೆ 250, 300 ಯೂನಿಟ್ ಓಡಿಸುವ ಮನೆಗಳಿಗೇ ಸೋಲಾರಿನ ಲೆಕ್ಕ ಕೂಡಿಬರುವುದು.

2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30 ಸಾವಿರ ರೂ., ಎರಡಕ್ಕೆ 60 ಸಾವಿರ, ಮೂರಕ್ಕೆ 78 ಸಾವಿರ ಸಬ್ಸಿಡಿ. ಅಲ್ಲಿಗೆ ಮುಗೀತು. ಐದು ಹಾಕಿಸಿದರೂ ಅಷ್ಟೇ! ಒಂದು ಕಿಲೋವ್ಯಾಟ್ ತಿಂಗಳಿಗೆ ಸುಮಾರು 100ರಿಂದ 120 ಯೂನಿಟ್ ಕೊಡುತ್ತದೆ. 300 ಉರಿಸುವ ಮನೆಗೆ ಮೂರು ಸಾಕು.

ಕೆಳಗೆ ಅಂಗಡಿ, ಮೇಲೆ ಮನೆ ಇರುವವರು ಗಮನಿಸಬೇಕು: ಸಬ್ಸಿಡಿ ಮನೆಯ ಮೀಟರಿಗೆ ಮಾತ್ರ, ಅಂಗಡಿ ಮೀಟರಿಗಿಲ್ಲ. ಮೀಟರು ಇನ್ನೂ ತೀರಿಕೊಂಡ ತಂದೆಯ ಹೆಸರಲ್ಲಿದ್ದರೆ ಮೊದಲು ಹೆಸರು ಬದಲಾಯಿಸಿಕೊಳ್ಳಿ.

ಇನ್ನು ನೆರಳಿನ ಕಾಟ. ಒಂದು ಕಿಲೋವ್ಯಾಟಿಗೆ ಸುಮಾರು 100 ಚದರಡಿ ಬೇಕು. 20-30ರ ಸೈಟಿನ ತಾರಸಿಯಲ್ಲಿ ನೀರಿನ ಟ್ಯಾಂಕು, ಮೆಟ್ಟಿಲ ಕೋಣೆ, ಬಟ್ಟೆ ಹಗ್ಗ ಎಲ್ಲಾ ಕಳೆದು ಉಳಿಯೋದೆಷ್ಟು? ಗೋಡೆಗೆ ಗೋಡೆ ಅಂಟಿದ ಬೀದಿಗಳಲ್ಲಿ ದಕ್ಷಿಣದ ಪಕ್ಕದ ಮನೆಯವರು ಇನ್ನೊಂದು ಮಹಡಿ ಏರಿಸಿದರಂತೂ ಮುಗೀತು. ಸಾಲಾಗಿ ಜೋಡಿಸಿದ ಫಲಕಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಉಳಿದವುಗಳ ಉತ್ಪಾದನೆ ಕುಗ್ಗಬಹುದು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ತಾರಸಿ ಹತ್ತಿ ನೆರಳು ನೋಡಿ. ಇದಕ್ಕೆ ಕಾಸಿಲ್ಲ.

ಬ್ಯಾಟರಿ ಇಲ್ಲದ ಸೋಲಾರು ಕರೆಂಟು ಹೋದಾಗ ತಾನೂ ನಿಲ್ಲುತ್ತೆ. ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದಲ್ಲ!

ದರಪಟ್ಟಿ ಎರಡು ಮೂರು ಕಡೆಯಿಂದ, ಅದೂ ಯೋಜನೆಯಲ್ಲಿ ನೋಂದಾಯಿಸಿದವರಿಂದಲೇ ತರಿಸಿ. 2025ರ ಸೆಪ್ಟೆಂಬರ್ 22ರಿಂದ ಫಲಕದ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ, ಹಳೇ ತೆರಿಗೆ ಹಾಕಿದ್ದರೆ ಕೇಳಿ. ದೇಶದೊಳಗೇ ತಯಾರಾದ ಫಲಕವಲ್ಲದಿದ್ದರೆ ಸಬ್ಸಿಡಿ ಕೈತಪ್ಪುತ್ತದೆ. ಸಬ್ಸಿಡಿ ಬರುವುದೂ ನೆಟ್ ಮೀಟರ್ ಕೂತು ತಪಾಸಣೆ ಮುಗಿದ ಮೇಲೆ. ಅಲ್ಲಿಯವರೆಗೆ ಕೊನೇ ಕಂತು ಕೈಯಲ್ಲೇ ಇರಲಿ.