ಹಸುಗೂಸಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದಾಗ

ಅವಧಿಗೆ ಮುನ್ನ ಹುಟ್ಟಿದ, ಒಂದು ಕಿಲೋ ತೂಗುವ ಮಗುವಿನ ಮೈಯಲ್ಲಿರುವ ರಕ್ತ 100 ಮಿಲಿಲೀಟರಿನ ಆಸುಪಾಸು. ಹಾಲು ಅರಗಿಸಿಕೊಳ್ಳುವ ಶಕ್ತಿ ಬರುವವರೆಗೆ ಅದಕ್ಕೆ ಆಹಾರ, ಔಷಧಿ ಎರಡೂ ರಕ್ತನಾಳದಿಂದಲೇ ಹೋಗಬೇಕು. ಕೈಕಾಲಿನ ನಾಳಗಳೋ ನೂಲಿನಷ್ಟು ಸಣ್ಣವು. ಹಾಗಾಗಿ ನವಜಾತ ಶಿಶುಗಳ ತೀವ್ರ ನಿಗಾ ಘಟಕದ (ಎನ್‌ಐಸಿಯು) ವೈದ್ಯರು ಹೊಕ್ಕುಳಬಳ್ಳಿಯ ಅಭಿಧಮನಿಯೊಳಗೆ ಕ್ಯಾತಿಟರ್ ಎಂಬ ಸಣ್ಣ ಕೊಳವೆ ತೂರಿಸಿ, ಅದರ ತುದಿಯನ್ನು ಹೃದಯದ ಹತ್ತಿರದವರೆಗೆ ಒಯ್ಯುತ್ತಾರೆ.

ಎಷ್ಟೋ ಶಿಶುಗಳು ಬದುಕುವುದು ಈ ಕೊಳವೆಯಿಂದಲೇ. ಆದರೆ ನವಜಾತ ಶಿಶುಗಳಲ್ಲಿ ರಕ್ತ ಹೆಪ್ಪುಗಟ್ಟುವುದಕ್ಕೆ ಬಹುಪಾಲು ಕಾರಣವೂ ಇದೇ. ಕಿರಿದಾದ ನಾಳದಲ್ಲಿ ಕೊಳವೆ ಜಾಗ ಹಿಡಿದು ರಕ್ತದ ಹರಿವನ್ನು ನಿಧಾನಿಸುತ್ತದೆ, ಒಳಪದರವನ್ನು ತರಚುತ್ತದೆ. ಕಾಲು ಊದಬಹುದು, ಬಣ್ಣಗೆಡಬಹುದು, ರಕ್ತದ ಪ್ಲೇಟ್‌ಲೆಟ್ ಎಣಿಕೆ ಇಳಿಯಬಹುದು. ಯಾವ ಲಕ್ಷಣವೂ ತೋರದೆ ಅಲ್ಟ್ರಾಸೌಂಡ್‌ನಲ್ಲಿ ಮಾತ್ರ ಕಾಣುವುದೂ ಉಂಟು.

ಚಿಕಿತ್ಸೆಗೆ ದೊಡ್ಡವರ ಡೋಸನ್ನು ತೂಕಕ್ಕೆ ತಕ್ಕಂತೆ ಇಳಿಸಿಕೊಟ್ಟರೆ ಸಾಲದು. ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಕೆಲಸ ಮಾಡುವುದು ರಕ್ತದಲ್ಲಿರುವ ಆಂಟಿಥ್ರಾಂಬಿನ್ ಎಂಬ ಪ್ರೋಟೀನಿನ ಮೂಲಕ. ಆಗಷ್ಟೇ ಹುಟ್ಟಿದ ಮಗುವಿನಲ್ಲಿ ಅದು ವಯಸ್ಕರ ಸುಮಾರು ಅರ್ಧದಷ್ಟೇ. ಆದ್ದರಿಂದ ಹೆಪಾರಿನ್ ಬಳಗದ ಎನಾಕ್ಸಪರಿನ್ ದೊಡ್ಡ ಮಕ್ಕಳಿಗೆ ಕಿಲೋಗೆ 1 ಮಿಲಿಗ್ರಾಂ ಸಾಕಾದರೆ, ಎರಡು ತಿಂಗಳೊಳಗಿನ ಶಿಶುವಿಗೆ 1.5 ಮಿಲಿಗ್ರಾಂನಿಂದ ಶುರು. ಅವಧಿಪೂರ್ವ ಶಿಶುಗಳಿಗೆ ಹಲವು ಸಲ ಇನ್ನೂ ಹೆಚ್ಚು ಬೇಕಾಗುತ್ತದೆ. 12 ಗಂಟೆಗೊಮ್ಮೆ ಚರ್ಮದಡಿ ಚುಚ್ಚುಮದ್ದು. ಡೋಸ್ ಕೊಟ್ಟ 4ರಿಂದ 6 ಗಂಟೆಯ ಬಳಿಕ ರಕ್ತಪರೀಕ್ಷೆ ಮಾಡಿ ಪ್ರಮಾಣ ಸರಿಹೊಂದಿಸುತ್ತಾರೆ. ಆ ಪರೀಕ್ಷೆಗೆ ಬೇಕಾದ ರಕ್ತವೂ ಇರುವಷ್ಟರಲ್ಲೇ ತೆಗೆಯಬೇಕು.

ಇದೇ ಔಷಧಿಯಿಂದ ರಕ್ತಸ್ರಾವದ ಭಯವೂ ಇದೆ. ದಿನ ತುಂಬದ ಮಗುವಿನ ಮಿದುಳಿನ ನಾಳಗಳು ಬಲು ನಾಜೂಕು. ಅದಕ್ಕೇ ಮೊದಲು ತಲೆಯ ಅಲ್ಟ್ರಾಸೌಂಡ್ ಮಾಡಿ ನೋಡುತ್ತಾರೆ. ಹೆಪ್ಪು ಚಿಕ್ಕದಾಗಿದ್ದು, ತೊಂದರೆ ಕೊಡದಿದ್ದರೆ ಔಷಧಿಯಿಲ್ಲದೆ ಸ್ಕ್ಯಾನ್ ಮಾಡುತ್ತಾ ಕಾದು ಗಮನಿಸುವುದೂ ಒಂದು ದಾರಿ. ಹೆಪ್ಪನ್ನೇ ಕರಗಿಸುವ ಆಲ್ಟೆಪ್ಲೇಸನ್ನು ಜೀವಕ್ಕೋ ಅಂಗಕ್ಕೋ ಕುತ್ತು ಬಂದಾಗ ಮಾತ್ರ ಕೈಗೆತ್ತಿಕೊಳ್ಳುತ್ತಾರೆ. ಅದು ಕೆಲಸ ಮಾಡಲು ಬೇಕಾದ ಪ್ಲಾಸ್ಮಿನೋಜೆನ್ ಎಂಬ ಪ್ರೋಟೀನ್ ಕೂಡ ಶಿಶುವಿನಲ್ಲಿ ಕಡಿಮೆ; ಹಾಗಾಗಿ ಕೆಲವೊಮ್ಮೆ ಜೊತೆಗೆ ಪ್ಲಾಸ್ಮಾ ಕೊಡುತ್ತಾರೆ.

ಅಪಧಮನಿಯಲ್ಲಿ ಕ್ಯಾತಿಟರ್ ಇದ್ದು ಪಾದ ಬಿಳಿಚಿಕೊಂಡು ತಣ್ಣಗಾದರೆ ತಡಮಾಡದೆ ಅದನ್ನು ತೆಗೆಯಬೇಕು. ಅಭಿಧಮನಿಯದಾದರೆ ಸಾಮಾನ್ಯವಾಗಿ ಕೆಲವು ದಿನ ಔಷಧಿ ಕೊಟ್ಟ ಮೇಲೆ ತೆಗೆಯುತ್ತಾರೆ. ಎಳೆಯುವಾಗ ಹೆಪ್ಪು ಕಳಚಿಕೊಳ್ಳದಿರಲಿ ಎಂದು.

ಇಷ್ಟೆಲ್ಲ ಹೋರಾಟಕ್ಕಿಂತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದೇ ಮೇಲು. ಕ್ಯಾತಿಟರ್ ಒಳಗಿದ್ದಷ್ಟು ದಿನವೂ ಅಪಾಯ ಕೂಡುತ್ತಾ ಹೋಗುತ್ತದೆ. ಮಗುವಿಗೆ ಇವತ್ತೂ ಇದು ಬೇಕೇ ಎಂದು ವೈದ್ಯರು ಪ್ರತಿದಿನ ಕೇಳಿಕೊಳ್ಳಬೇಕು. ತಂದೆತಾಯಿಯೂ ಅದನ್ನು ಸಂಕೋಚವಿಲ್ಲದೆ ಕೇಳಬಹುದು.