ನೆಂಟರ ನಾಯಿಯೂ ಮನೆಯ ಬೆಕ್ಕೂ

ಅತಿಥಿಯನ್ನು ಆದರಿಸುವುದು ಗೃಹಸ್ಥನ ಧರ್ಮ. ಆಶ್ರಯಿಸಿ ಬಂದ ಜೀವವನ್ನು ಕಾಯುವುದೂ ಅವನ ಧರ್ಮವೇ. ಈ ಎರಡು ಧರ್ಮಗಳೂ ಒಂದೇ ಹೊಸ್ತಿಲಲ್ಲಿ ಎದುರುಬದುರಾಗಿ ನಿಲ್ಲುವ ಸಂದರ್ಭವೊಂದು ಈಗ ಅನೇಕ ಮನೆಗಳಲ್ಲಿ ಒದಗುತ್ತಲಿದೆ. ದೀಪಾವಳಿಗೋ ಬೇಸಗೆಯ ರಜೆಗೋ ಬೆಂಗಳೂರಿನಿಂದ ಕಾರಿನಲ್ಲಿ ಬರುವ ಮಕ್ಕಳು ತಮ್ಮ ನಾಯಿಯನ್ನೂ ಜೊತೆಯಲ್ಲಿ ಕರೆತರುವರು. ಊರಿನ ಮನೆಯಲ್ಲಿ ವರ್ಷಗಟ್ಟಲೆ ಏಕಚ್ಛತ್ರವಾಗಿ ಆಳಿದ ಬೆಕ್ಕು ಅದನ್ನು ಕಂಡೊಡನೆ ರೋಮವನ್ನು ನಿಮಿರಿಸಿ ಅಟ್ಟವನ್ನೇರುವುದು. ಕೆಲವು ವೇಳೆ ಮನೆಯನ್ನೇ ಬಿಟ್ಟು ಓಡುವುದು. ಹಾಗೆ ಓಡಿದ ಬೆಕ್ಕು ಬೀದಿಯ ನಾಯಿಗಳಿಗೋ ವಾಹನದ ಗಾಲಿಗೋ ಸಿಕ್ಕಿದರೆ ಹಬ್ಬವು ಹಬ್ಬವಾಗಿ ಉಳಿಯದು. ಆದುದರಿಂದ ಈ ವಿಷಯವಾಗಿ ನಾವು ತಿಳಿದ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇವೆ.

ನಾಯಿಗೂ ಬೆಕ್ಕಿಗೂ ಹುಟ್ಟುಹಗೆ, ಅದಕ್ಕೆ ಯಾರೇನು ಮಾಡಲಾದೀತು ಎಂದು ಕೈಚೆಲ್ಲುವವರುಂಟು. ಶಾಶ್ವತವಾದ ವೈರವುಳ್ಳ ಪ್ರಾಣಿಗಳ ಹೆಸರುಗಳು ದ್ವಂದ್ವಸಮಾಸದಲ್ಲಿ ಕೂಡಿದರೆ ಆ ಸಮಾಸವು ಏಕವಚನದಲ್ಲಿರತಕ್ಕದ್ದೆಂದು ಪಾಣಿನಿ ಮಹರ್ಷಿಯು ವಿಧಿಸಿರುವನು. ಹಾವು ಮುಂಗುಸಿ, ಬೆಕ್ಕು ಇಲಿ, ಇವು ಪಾಠಶಾಲೆಯಲ್ಲಿ ನಾವು ಅದಕ್ಕೆ ಕೊಡುತ್ತಿದ್ದ ಪ್ರಸಿದ್ಧ ಉದಾಹರಣೆಗಳು. ನಾಯಿಬೆಕ್ಕುಗಳನ್ನು ಆ ಪಂಕ್ತಿಯಲ್ಲಿ ಕುಳ್ಳಿರಿಸುವುದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ. ಬೆಕ್ಕು ಇಲಿಯನ್ನು ಹಿಡಿಯುವುದು ತಿನ್ನುವುದಕ್ಕಾಗಿ. ನಾಯಿ ಬೆಕ್ಕನ್ನು ಅಟ್ಟುವುದಾದರೋ ಬಹುಮಟ್ಟಿಗೆ ಬೆಕ್ಕು ಓಡುವುದರಿಂದ. ಎಳೆಯದರಲ್ಲಿಯೇ, ವಿಶೇಷವಾಗಿ ಹುಟ್ಟಿದ ೨ರಿಂದ ೭ ವಾರಗಳೊಳಗೆ, ನಾಯಿಯ ಸಹವಾಸವನ್ನು ಕಂಡ ಬೆಕ್ಕಿನ ಮರಿಯು ಮುಂದೆ ಅದರೊಡನೆ ಒಂದೇ ಚಾಪೆಯ ಮೇಲೆ ಮಲಗುವುದುಂಟು. ಹಾಗಿರುವಲ್ಲಿ ಈ ವೈರಕ್ಕೆ ಅಪರಿಚಯವೇ ಮೂಲವೆನ್ನಬೇಕಲ್ಲದೆ ವಿಧಿಯಲ್ಲ.

ಇವೆರಡರ ಭಾಷೆಯೂ ಬೇರೆ. ನಾಯಿಯು ತೋಳನ ಕುಲದಿಂದ ಬಂದುದು, ಗುಂಪಿನಲ್ಲಿ ಬಾಳುವ ಜಾತಿ. ಬೆಕ್ಕಿನ ಮೂಲವಾದ ಆಫ್ರಿಕದ ಕಾಡುಬೆಕ್ಕು ಒಂಟಿಯಾಗಿ ಬೇಟೆಯಾಡುವುದು; ತಾನೇ ಇತರ ಮೃಗಗಳಿಗೆ ಆಹಾರವಾಗುವಷ್ಟು ಚಿಕ್ಕದು. ನಾಯಿಯು ಬಾಲವನ್ನು ಸಡಿಲವಾಗಿ ಬೀಸಿದರೆ ಸಾಮಾನ್ಯವಾಗಿ ಸಂತೋಷ. ಬೆಕ್ಕು ಬಾಲವನ್ನು ಬಡಿದರೆ ಅಸಮಾಧಾನ. ನಾಯಿಯು ಆಟಕ್ಕೆಂದು ದಿಟ್ಟಿಸಿ ಮುನ್ನುಗ್ಗುವುದನ್ನು ಬೆಕ್ಕು ದಂಡಯಾತ್ರೆಯೆಂದೇ ತಿಳಿಯುವುದು. ಇದಲ್ಲದೆ ಬೆಕ್ಕು ತನ್ನ ಕೆನ್ನೆಯ ಗ್ರಂಥಿಗಳ ವಾಸನೆಯನ್ನು ಕಂಬಕ್ಕೂ ಬಾಗಿಲಿಗೂ ಉಜ್ಜಿ ಮನೆಯನ್ನು ತನ್ನದನ್ನಾಗಿ ಮಾಡಿಕೊಂಡಿರುವುದು. ಅಲ್ಲಿ ಒಮ್ಮೆಗೇ ಹೊಸ ಮೃಗದ ಗಂಧವು ತುಂಬಿದರೆ ಅದರ ಪಾಲಿಗೆ ಮನೆಯೇ ಪರದೇಶವಾಗುವುದು.

ಆದುದರಿಂದ ನೆಂಟರು ಬರುವುದಕ್ಕೆ ಎರಡು ಮೂರು ದಿನ ಮೊದಲೇ ಬೆಕ್ಕಿಗೆಂದು ಒಂದು ಕೋಣೆಯನ್ನು ಗೊತ್ತುಮಾಡಬೇಕು. ಅದರ ಹಾಸಿಗೆ, ಅನ್ನದ ತಟ್ಟೆ, ನೀರು, ಮಲವಿಸರ್ಜನೆಯ ಮಣ್ಣಿನ ತಟ್ಟೆ ಇವೆಲ್ಲವೂ ಅಲ್ಲಿಯೇ ಇರಲಿ. ಅನ್ನದ ತಟ್ಟೆಯೂ ಮಣ್ಣಿನ ತಟ್ಟೆಯೂ ದೂರದೂರವಿರಲಿ. ಏರಿ ಕುಳಿತು ನೋಡಲು ನಾಗಂದಿಗೆಯೋ ಬೀರುವಿನ ತಲೆಯೋ ಇರಬೇಕು; ಎತ್ತರವೇ ಬೆಕ್ಕಿನ ಕೋಟೆ. ಕಿಟಕಿಗಳು ಭದ್ರವಾಗಿರಲಿ. ಎರಡು ಪ್ರಾಣಿಗಳಿಗೂ ಹುಚ್ಚುನಾಯಿ ರೋಗದ ಲಸಿಕೆ ಆಗಿದೆಯೇ ಎಂದು ಮುಂಚಿತವಾಗಿ ವಿಚಾರಿಸುವುದರಲ್ಲಿ ಸಂಕೋಚ ಬೇಡ. ಇನ್ನೊಂದು ಮಾತನ್ನು ಮರೆಯಬಾರದು. ನಾಯಿಗಳ ಉಣ್ಣೆ, ಚಿಗಟಗಳ ನಾಶಕ್ಕಾಗಿ ಬೆನ್ನಿಗೆ ಹಚ್ಚುವ ಕೆಲವು ಔಷಧಗಳಲ್ಲಿ ಪರ್ಮೆಥ್ರಿನ್ ಎಂಬ ದ್ರವ್ಯವಿರುವುದು. ನಾಯಿಗೆ ಹಿತವಾದ ಅದು ಬೆಕ್ಕಿಗೆ ಪ್ರಾಣಾಂತಿಕ ವಿಷ. ಅಂತಹ ಔಷಧವನ್ನು ಹೊಸದಾಗಿ ಹಚ್ಚಿದ ನಾಯಿಯ ಬಳಿಗೆ ಬೆಕ್ಕನ್ನು ಬಿಡಲೇಬಾರದು.

ನಾಯಿಯು ಮನೆಯನ್ನು ಹೊಗುವಾಗ ಬೆಕ್ಕು ಮೊದಲೇ ತನ್ನ ಕೋಣೆಯೊಳಗಿರಬೇಕು. ಮೊದಲನೆಯ ದಿನ ಒಂದರ ಗಂಧವೂ ಶಬ್ದವೂ ಇನ್ನೊಂದಕ್ಕೆ ತಿಳಿದರೆ ಸಾಕು, ದರ್ಶನ ಬೇಡ. ನಾಯಿಯ ಮೈಯನ್ನು ಒರಸಿದ ಬಟ್ಟೆಯೊಂದನ್ನು ಬೆಕ್ಕಿನ ಕೋಣೆಯ ಮೂಲೆಯಲ್ಲಿಟ್ಟು, ಅದಕ್ಕೆ ಪ್ರಿಯವಾದ ತಿನಿಸನ್ನು ಸ್ವಲ್ಪ ದೂರದಲ್ಲಿ ಬಡಿಸಬೇಕು. ಬೆಕ್ಕು ನೆಮ್ಮದಿಯಿಂದ ಉಂಡ ಮೇಲೆ, ಮರದ ತಡೆಬಾಗಿಲಿನ ಅಥವಾ ಜಾಲರಿಯ ಆಚೆ ನಾಯಿಯನ್ನು ತೋರಿಸಬಹುದು. ಅದಕ್ಕೆ ಮುಂಚೆ ನಾಯಿಯನ್ನು ಚೆನ್ನಾಗಿ ಅಡ್ಡಾಡಿಸಿ ದಣಿಸಿ, ಹಗ್ಗದಲ್ಲಿ ಹಿಡಿದು ಕುಳ್ಳಿರಿಸಬೇಕು. ಅದು ಬೆಕ್ಕಿನಿಂದ ದೃಷ್ಟಿಯನ್ನು ತಿರುಗಿಸಿದಾಗಲೆಲ್ಲ ಮೆಚ್ಚಿ ತಿನಿಸು ಕೊಡಬೇಕು. ಐದು ನಿಮಿಷ ಸಾಕು. ಬೆಕ್ಕನ್ನು ತೋಳಿನಲ್ಲೆತ್ತಿಕೊಂಡು ಹೋಗಿ ಪರಿಚಯಮಾಡಿಸುವ ಸಾಹಸವನ್ನು ಮಾತ್ರ ಯಾರೂ ಮಾಡಬಾರದು. ಹೆದರಿದ ಬೆಕ್ಕಿಗೆ ಒಡತಿಯ ಕೈಯೂ ಶತ್ರುವೇ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ೧೫ ನಿಮಿಷ ತೊಳೆದು ವೈದ್ಯರನ್ನು ಕಾಣತಕ್ಕದ್ದು.

ನಾಯಿಗಳೆಲ್ಲವೂ ಒಂದೇ ಸ್ವಭಾವದವಲ್ಲ. ಭಾರತದ ಅಂಚೆ ಇಲಾಖೆಯು ೨೦೦೫ರಲ್ಲಿ ಅಂಚೆಚೀಟಿಯ ಮೇಲೆ ಅಚ್ಚುಹಾಕಿಸಿ ಗೌರವಿಸಿದ ನಮ್ಮ ಮುಧೋಳದ ನಾಯಿಯು ಕಣ್ಣಿನಿಂದ ಬೇಟೆಯನ್ನು ಅರಸುವ ಜಾತಿಯದು. ಓಡುವ ಚಿಕ್ಕ ಪ್ರಾಣಿಯನ್ನು ಬೆನ್ನಟ್ಟುವುದು ಅದರ ರಕ್ತಗುಣ. ಅಂತಹ ಅತಿಥಿಯು ಬಂದಾಗ ಪರಿಚಯದ ಆಸೆಯನ್ನು ಬಿಟ್ಟು, ಹೊರಡುವ ತನಕ ನಡುವೆ ಬಾಗಿಲು ಮುಚ್ಚಿರುವುದೇ ಲೇಸು. ಸೌಮ್ಯವಾದ ನಾಯಿಯನ್ನಾದರೂ ಬೆಕ್ಕಿನೊಡನೆ ಒಂಟಿಯಾಗಿ ಬಿಡಬಾರದು.

ನಮ್ಮ ಮನೆಗೆ ಒಮ್ಮೆ ಎರಡು ನಾಯಿಗಳು ಐದು ದಿನಗಳ ಮಟ್ಟಿಗೆ ಬಂದಿದ್ದುವು. ಬೆಕ್ಕು ಮೂರು ದಿನ ಕೋಣೆಯ ಹೊಸ್ತಿಲನ್ನು ದಾಟಲಿಲ್ಲ. ನಾಲ್ಕನೆಯ ದಿನ ನಾಗಂದಿಗೆಯ ಮೇಲೆ ಕುಳಿತು, ಜಾಲರಿಯ ಆಚೆ ನಿದ್ರಿಸುತ್ತಿದ್ದ ನಾಯಿಗಳನ್ನು ಬಹಳ ಹೊತ್ತು ನೋಡಿ, ತಾನೂ ಕಣ್ಣುಮುಚ್ಚಿತು. ಸ್ನೇಹವು ಬೆಳೆಯಲಿಲ್ಲ, ಬೆಳೆಯಬೇಕಾದ ಅಗತ್ಯವೂ ಇರಲಿಲ್ಲ. ಅತಿಥಿಯ ಇದಿರಿನಲ್ಲಿ ಕಣ್ಣುಮುಚ್ಚುವಷ್ಟು ಧೈರ್ಯ ಬಂದರೆ ಐದು ದಿನಗಳ ಭೇಟಿಗೆ ಅದು ಸಾಕಷ್ಟು ಫಲ.

ಬೆಕ್ಕು ಅಡಗಿಕೊಂಡಿತೆಂದು ಗಾಬರಿಪಡಬೇಕಾಗಿಲ್ಲ, ಎಳೆದು ಹೊರಗೆ ತರಲೂ ಬೇಡ. ಆದರೆ ಇಡೀ ಒಂದು ದಿನ ಏನನ್ನೂ ತಿನ್ನದಿದ್ದರೆ ಪಶುವೈದ್ಯರನ್ನು ಕೇಳಬೇಕು. ದಿನಗಟ್ಟಲೆ ಉಪವಾಸವಿದ್ದರೆ, ಮುಖ್ಯವಾಗಿ ಸ್ಥೂಲವಾದ ಬೆಕ್ಕುಗಳಲ್ಲಿ, ಯಕೃತ್ತು ಕೆಡುವುದುಂಟು. ಗಂಡು ಬೆಕ್ಕು ಮೂತ್ರಕ್ಕಾಗಿ ಮತ್ತೆ ಮತ್ತೆ ಮುಕ್ಕರಿಸಿಯೂ ಮೂತ್ರವಾಗದಿದ್ದರೆ ಬೆಳಗಾಗಲೆಂದು ಕಾಯಲಾಗದು. ಮೂತ್ರಮಾರ್ಗವು ಕಟ್ಟಿಕೊಂಡರೆ ಒಂದೆರಡು ದಿನಗಳಲ್ಲೇ ಪ್ರಾಣಕ್ಕೆ ಸಂಚಕಾರ. ಭಯವೂ ಕಳವಳವೂ ಬೆಕ್ಕಿನ ಮೂತ್ರಕೋಶದ ಬೇನೆಯನ್ನು ಕೆರಳಿಸುವುವೆಂಬುದನ್ನು ಮನೆಯವರು ತಿಳಿದಿರಬೇಕು.

ನೆಂಟರು ಹೊರಟ ಮೇಲೆ ನೆಲವನ್ನು ತೊಳೆದು, ನಾಯಿ ಮಲಗಿದ್ದ ಬಟ್ಟೆಗಳನ್ನು ಒಗೆದು, ಬೆಕ್ಕಿಗೆ ಎಂದಿನ ವೇಳೆಯಲ್ಲಿ ಎಂದಿನ ಅನ್ನವನ್ನೇ ಇಡಬೇಕು. ಅದು ತಾನಾಗಿಯೇ ಹೊರಬಂದು, ಕಂಬಕ್ಕೂ ಬಾಗಿಲಿಗೂ ಕೆನ್ನೆಯನ್ನು ಉಜ್ಜಿ, ತನ್ನ ರಾಜ್ಯವನ್ನು ಮರಳಿ ಪಡೆಯುವುದು.

ಈ ಏರ್ಪಾಡುಗಳನ್ನು ಬರುವವರಿಗೆ ಮೊದಲೇ ತಿಳಿಸುವುದರಿಂದ ಆತಿಥ್ಯಕ್ಕೆ ಕುಂದಿಲ್ಲ. ನಾಯಿಯನ್ನು ಮಗುವಿನಂತೆ ಸಾಕುವವರಿಗೆ ಬೆಕ್ಕನ್ನು ಸಾಕುವವರ ಕಷ್ಟ ಬೇಗನೆ ತಿಳಿಯುವುದು. ಅತಿಥಿಗೆ ತನ್ನ ಮನೆಯೊಂದು ಬೇರೆ ಉಂಟು. ಬೆಕ್ಕಿಗೆ ಇರುವುದು ಇದೊಂದೇ ಮನೆ.